ನತಾಲಿಯಾಳ ಪಾಲಿನ ತೆನೆ

ಸಿಸ್ಟರ್ ನತಾಲಿಯಾ ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಕಪಾಟಿನ ಮೇಲಿನ ಹಲಗೆಯಿಂದ ಹೂವಿನ ಚಿತ್ರದ ಪಿಂಗಾಣಿ ತಟ್ಟೆ ಕೆಳಗಿಳಿಯುತ್ತಿತ್ತು. ಆ ಮನೆಯಲ್ಲಿ ಅದರಲ್ಲಿ ಉಂಡವರು ಇಬ್ಬರೇ. ವರ್ಷಕ್ಕೊಮ್ಮೆ ಮನೆ ಆಶೀರ್ವದಿಸಲು ಬರುವ ಫಾದರ್ ಒಬ್ಬರು, ಹೆತ್ತ ಮಗಳು ಇನ್ನೊಬ್ಬಳು. ಜುಲೈ ತಿಂಗಳ ಒಂದು ಮಧ್ಯಾಹ್ನ ಆ ಮಗಳು ಬೂದುಬಣ್ಣದ ಚೂಡಿದಾರ ಹಾಕಿಕೊಂಡು, ಹೆಗಲಿಗೊಂದು ಚೀಲ ಏರಿಸಿಕೊಂಡು ಬಂದು ಊಟದ ಮೇಜಿನ ಮುಂದೆ ಕುಳಿತಾಗ, ಅತ್ತಿಗೆ ಪ್ರೆಸಿಲ್ಲಾ ಕಪಾಟಿನ ಬಾಗಿಲು ಹಿಡಿದುಕೊಂಡು ನಿಂತೇಬಿಟ್ಟಳು. ಪಿಂಗಾಣಿ ತೆಗೆಯಬೇಕೋ ಸ್ಟೀಲು ತೆಗೆಯಬೇಕೋ ಅವಳಿಗೆ ತೋಚಲಿಲ್ಲ.

"ಸ್ಟೀಲಿನದ್ದೇ ಕೊಡಿ ವೊನ್ನಿ. ಇನ್ನು ಮೇಲೆ ಅದೇ," ಎಂದಳು ನತಾಲಿಯಾ.

ಒಲೆಯ ಮುಂದೆ ಬಂಗುಡೆ ಮಗುಚುತ್ತಿದ್ದ ತಾಯಿ ಅಪ್ಪಿಬಾಯಿಗೆ ಆ "ಇನ್ನು ಮೇಲೆ" ಎಂಬ ಮಾತು ಸರಿಯಾಗಿ ಕೇಳಿಸಿತು. ಆದರೂ ಅವರು ತಿರುಗಿ ನೋಡಲಿಲ್ಲ. ಮೀನು ಒಂದು ಬದಿ ಕರಿಯಾಗುವವರೆಗೂ ಹಾಗೆಯೇ ನಿಂತಿದ್ದರು.

ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ಬಸ್ಸಿನಲ್ಲಿ ಬಲಬದಿಗೆ ಕುಳಿತವರಿಗೆ ಈ ಮನೆ ಕಾಣುತ್ತದೆ. ಅಂಗಳದ ಸುತ್ತ ಮಲ್ಲಿಗೆ ಗಿಡ, ಗೇಟಿನ ಬದಿಗೆ ಶಿಲುಬೆ, ಅದರ ಪಕ್ಕದಲ್ಲಿ ಮಗ ವಲೇರಿಯನ್‌ನ ಹಳದಿ ಶಾಲಾ ವ್ಯಾನು. ಕಾಗದದಲ್ಲಿ ಅಪೊಲಿನ್ ತಾವ್ರೊ ಎಂದಿದ್ದರೂ ಊರಿಗೆ ಅವರು ಅಪ್ಪಿಬಾಯಿ. ಅದಕ್ಕಿಂತಲೂ ಹೆಚ್ಚಾಗಿ "ಸಿಸ್ಟರ್‌ನ ತಾಯಿ". ಇಗರ್ಜಿಯಲ್ಲಿ ಅವರಿಗೆ ಮುಂದಿನ ಬೆಂಚು. ಹಬ್ಬದ ದಿನ ಹೊಸ ಫಾದರ್ ಬಂದರೆ ಯಾರಾದರೂ ಅವರನ್ನು ಹಿಡಿದು ತಂದು, "ಇವರದ್ದು ಮಗಳು ಕಾನ್ವೆಂಟಿನಲ್ಲಿ," ಎಂದು ಪರಿಚಯಿಸುತ್ತಿದ್ದರು. ಅಪ್ಪಿಬಾಯಿ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸುತ್ತಿದ್ದರು. ಆ ತಗ್ಗಿದ ತಲೆಯೊಳಗೆ ಎಷ್ಟು ಸುಖವಿತ್ತೆಂದು ಅವರಿಗೆ ಮಾತ್ರ ಗೊತ್ತು.

ಆ ಸುಖಕ್ಕೂ ಹಿಂದೆ ಒಂದು ಭಯವಿತ್ತು. ವಲೇರಿಯನ್ ಆರು ವರ್ಷದವನಿದ್ದಾಗ ಮೆದುಳುಜ್ವರ ಬಂದು ಮಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣು ಮೇಲಾಗಿ ಮಲಗಿದ್ದ. ಡಾಕ್ಟರು ತಲೆ ಅಲ್ಲಾಡಿಸಿ ಹೋದ ಮೇಲೆ ಅಪ್ಪಿಬಾಯಿ ವರಾಂಡದಲ್ಲಿ ಮಂಡಿಯೂರಿದರು. ಕೈಯಲ್ಲಿ ಮೊಲೆಹಾಲು ಕುಡಿಯುವ ಹೆಣ್ಣುಮಗು. "ಇವನನ್ನು ಉಳಿಸು, ಇವಳನ್ನು ನಿನಗೆ ಕೊಡ್ತೇನೆ," ಎಂದುಬಿಟ್ಟರು. ಕೊಡಲು ಆಗ ಕೈಯಲ್ಲಿ ಬೇರೇನೂ ಇರಲಿಲ್ಲ. ಹುಡುಗ ಉಳಿದ. ಹೆಣ್ಣುಮಗು ದೊಡ್ಡವಳಾಗುತ್ತಾ, "ನೀನು ದೇವರಿಗೆ ಹೇಳಿದವಳು" ಎಂಬ ಮಾತನ್ನು ಜೋಗುಳದ ಹಾಗೆ ಕೇಳಿಕೊಂಡೇ ಬೆಳೆದಳು. ಪಿಯುಸಿ ಮುಗಿದ ವರ್ಷ ಹೊರಟುಹೋದಳು. ಅದಾಗಿ ಇಪ್ಪತ್ತೆರಡು ವರ್ಷ.

ಈಗ ಬಂದು, ಸ್ಟೀಲಿನ ತಟ್ಟೆ ಸಾಕು ಎನ್ನುತ್ತಿದ್ದಾಳೆ.

ಸಂಜೆ ಏಳಕ್ಕೆ ದೇವರ ಪೀಠದ ಮುಂದೆ ಎಲ್ಲರೂ ಸೇರಿದರು. ಜಪಮಾಲೆಯ ಪ್ರಾರ್ಥನೆಗೆ ಆ ಮನೆಯಲ್ಲಿ ತೆರ್ಸ್ ಎನ್ನುತ್ತಾರೆ. ತೆರ್ಸ್ ಮುಗಿದ ಕೂಡಲೇ ಕಿರಿಯರು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಮುಗಿದು ಬಗ್ಗಿ, "ಬೆಸಾಂವ್ ದಿಯಾ" ಎಂದು ಆಶೀರ್ವಾದ ಕೇಳಬೇಕು. ಹಿರಿಯರು ತಲೆಯ ಮೇಲೆ ಬಲಗೈ ಇಟ್ಟು, "ದೇವ್ ಬರೆಂ ಕರುಂ," ದೇವರು ಒಳ್ಳೆಯದು ಮಾಡಲಿ, ಎನ್ನಬೇಕು. ಹಗಲೆಲ್ಲ ಎಷ್ಟೇ ಜಗಳವಾಗಿರಲಿ, ಅನ್ನಕ್ಕೆ ಮೊದಲು ಬೆಸಾಂವ್ ಆಗಲೇಬೇಕು. ತೀರಿಹೋದ ಗಂಡ ಬೊನಿಫಾಸ್ ಹಾಕಿಕೊಟ್ಟ ಕಟ್ಟಳೆ ಅದು. ಮಿಕ್ಸಿ ವಿಷಯಕ್ಕೆ ಅತ್ತೆ ಸೊಸೆ ಮುಖ ತಿರುಗಿಸಿಕೊಂಡಿದ್ದ ದಿನಗಳಲ್ಲೂ ಅಪ್ಪಿಬಾಯಿಯ ಕೈ ಪ್ರೆಸಿಲ್ಲಾಳ ತಲೆ ಮುಟ್ಟದೆ ಇದ್ದದ್ದಿಲ್ಲ.

ಮಗಳ ತಲೆಯನ್ನು ಮಾತ್ರ ಅವರು ಮುಟ್ಟದೆ ವರ್ಷಗಳಾಗಿದ್ದವು. ಸಿಸ್ಟರ್ ಆದ ಮೇಲೆ, "ನೀವು ನಮ್ಮ ಮುಂದೆ ಬಗ್ಗುವುದಾ? ನೀವೇ ನಮಗಾಗಿ ಪ್ರಾರ್ಥನೆ ಮಾಡಿ," ಎಂದು ತಡೆದಿದ್ದರು. ಹೆತ್ತ ಮಗಳಿಗೆ ಬಹುವಚನ.

ಮೊಮ್ಮಗಳು ರಿಯೋನಾ ಬೆಸಾಂವ್ ಪಡೆದು ಬದಿಗೆ ಸರಿದಳು. ನತಾಲಿಯಾ ಬಂದು ತಾಯಿಯ ಮುಂದೆ ಬಗ್ಗಿದಳು. ತಲೆಯಲ್ಲಿ ಮುಸುಕಿಲ್ಲ, ನೆತ್ತಿಯಲ್ಲಿ ಅಲ್ಲಲ್ಲಿ ನರೆ.

"ಬೆಸಾಂವ್ ದಿಯಾ, ಮಾಂಯ್."

ಅಪ್ಪಿಬಾಯಿಯ ಕೈ ಏಳಲಿಲ್ಲ. ಅವರು ಬಗ್ಗಿ ಮೇಣದಬತ್ತಿ ಊದಿ ಆರಿಸಿದರು. "ಹೊತ್ತಾಯ್ತು. ಅನ್ನ ಬಡಿಸು, ಪ್ರೆಸಿಲ್ಲಾ."

ನತಾಲಿಯಾ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದಳು. ಆಮೇಲೆ ಎದ್ದು ತಟ್ಟೆ ಇಡಲು ಹೋದಳು.

*

ಬೆಳಕು ಹರಿಯುವ ಮೊದಲೇ ಎದ್ದು ಒಂದಷ್ಟು ಹೊತ್ತು ಕಿಟಕಿಯ ಬಳಿ ಕಣ್ಣುಮುಚ್ಚಿ ಕುಳಿತು, ಆಮೇಲೆ ಬುಟ್ಟಿ ಹಿಡಿದು ಮಲ್ಲಿಗೆ ಮೊಗ್ಗು ಕೊಯ್ಯಲು ಇಳಿಯುವುದು ನತಾಲಿಯಾಳ ದಿನಚರಿಯಾಯಿತು. ಕಾಫಿ ಆಗುವಷ್ಟರಲ್ಲಿ ಮೂವರು ಹೆಂಗಸರು ಚಾವಡಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಹೂ ಕಟ್ಟಬೇಕು. ಗೇಟಿನ ಬಳಿ ಸ್ಕೂಟರಿನ ಹಾರ್ನ್ ಆದಾಗ ಹೂವಿನ ಏಜೆಂಟ್ ಜಯಪ್ರಕಾಶನಿಗೆ ಕೊಡಬೇಕು. ತಡವಾದರೆ ಅವನು ಕಾಯುವ ಜಾತಿಯಲ್ಲ.

"ಸಿಸ್ಟರು ಹೂ ಕಟ್ಟುವುದು ಮರೀಲಿಲ್ಲ ಅಲ್ವಾ," ಎಂದ ಅವನು ಮೊದಲ ವಾರ.

"ರಜೆಯಲ್ಲಿ ಬಂದದ್ದು. ಆರೋಗ್ಯ ಸರಿ ಇಲ್ಲ, ಸ್ವಲ್ಪ ವಿಶ್ರಾಂತಿ," ಎಂದು ಅಪ್ಪಿಬಾಯಿ ಮಗಳು ಬಾಯಿ ತೆರೆಯುವ ಮೊದಲೇ ಉತ್ತರಿಸಿದರು.

ಅದೇ ಸುಳ್ಳನ್ನು ಅವರು ಪಕ್ಕದ ಮನೆಯ ನಸೀಬಾಳಿಗೂ ಹೇಳಿದರು, ಇಗರ್ಜಿಯ ಮೆಟ್ಟಿಲಲ್ಲಿ ಸಿಕ್ಕಿದವರಿಗೂ ಹೇಳಿದರು. ಆದರೆ ಆದಿತ್ಯವಾರ ನತಾಲಿಯಾ ಮುಂದಿನ ಬೆಂಚಿಗೆ ಬರದೆ, ಎಲ್ಲಕ್ಕಿಂತ ಹಿಂದೆ, ಮಕ್ಕಳನ್ನು ಎತ್ತಿಕೊಂಡ ತಾಯಂದಿರ ನಡುವೆ ಮಂಡಿಯೂರಿದಳು. ಅಪ್ಪಿಬಾಯಿಗೆ ಇಡೀ ಪೂಜೆ ಬೆನ್ನು ಉರಿಯಿತು.

ಆಗಸ್ಟಿನ ಒಂದು ಬೆಳಿಗ್ಗೆ ಪ್ರೆಸಿಲ್ಲಾ ದೋಸೆ ಹೊಯ್ಯಲು ಒಳಗೆ ಹೋದಾಗ ತಾಯಿ ಮಗಳು ಇಬ್ಬರೇ ಉಳಿದರು. ಅಪ್ಪಿಬಾಯಿ ಬಾಳೆನಾರನ್ನು ಹಲ್ಲಿನಿಂದ ಸೀಳುತ್ತಾ ಕೇಳಿದರು.

"ಯಾರಾದರೂ ಎಂತದಾದರೂ ಹೇಳಿದರಾ ಅಲ್ಲಿ? ಬೈದರಾ?"

"ಇಲ್ಲ ಮಾಂಯ್. ಒಳ್ಳೆಯವರೇ."

"ಮತ್ತೆ ಯಾರನ್ನಾದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯಾ?"

ನತಾಲಿಯಾ ನಕ್ಕಳು. "ಈ ನಲವತ್ತು ವರ್ಷಕ್ಕಾ? ನೀವು ಒಳ್ಳೆ ತಮಾಷೆ ಮಾಡ್ತೀರಿ."

"ಮತ್ತೆಂತಕ್ಕೆ ಓಡಿ ಬಂದದ್ದು?"

"ಓಡಿ ಬಂದದ್ದಲ್ಲ. ಬರೆದು ಕೇಳಿ, ರೋಮಿನಿಂದ ಒಪ್ಪಿಗೆ ಬಂದ ಮೇಲೆಯೇ ಹೊರಟದ್ದು." ಅವಳು ಮೊಗ್ಗುಗಳನ್ನು ಜೋಡಿ ಜೋಡಿಯಾಗಿ ಇಟ್ಟಳು. "ಅದು ದೇವರು ನನಗೆ ಕೊಟ್ಟ ಕರೆ ಅಲ್ಲ ಅಂತ ಮೊದಲಿನಿಂದಲೂ ಗೊತ್ತಿತ್ತು, ಮಾಂಯ್. ನಿಮಗೆ ಬೇಸರ ಆಗ್ತದೆ ಅಂತ ತಡೆದೆ. ಕೊನೆಗೆ ದೇವರ ಎದುರು ದಿನಾ ಸುಳ್ಳು ಹೇಳಿದ ಹಾಗೆ ಆಗಲಿಕ್ಕೆ ಶುರುವಾಯ್ತು."

"ಹರಕೆ ಅಂದರೆ ಹರಕೆ."

"ಹರಕೆ ನಿಮ್ಮದು. ತೀರಿಸಿದ್ದು ನಾನು. ಇಪ್ಪತ್ತೆರಡು ವರ್ಷ ಸಾಲದಾ?"

ಅಪ್ಪಿಬಾಯಿ ಬಾಯಿಂದ ನಾರು ತೆಗೆದರು. "ಬೆಳಿಗ್ಗೆ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂತ್ಕೊಳ್ತೀಯಲ್ಲ. ಯಾವ ಮುಖ ಇಟ್ಟುಕೊಂಡು ಕೂತ್ಕೊಳ್ತೀ?"

"ಇದೇ ಮುಖ. ಬೇರೆ ಇಲ್ಲ ನನ್ನಲ್ಲಿ," ಎಂದಳು ನತಾಲಿಯಾ. "ನಾನು ಸಿಸ್ಟರ್ ಬಟ್ಟೆ ಬಿಟ್ಟೆ, ಮಾಂಯ್. ದೇವರು ನನ್ನ ಕೈ ಬಿಡಲಿಲ್ಲ. ಅಷ್ಟು ಗೊತ್ತಿರುವುದರಿಂದಲೇ ಹಿಂದಿನ ಬೆಂಚಿನಲ್ಲಿ ಕೂರ್ಲಿಕ್ಕೆ ಆಗ್ತದೆ."

ಅಷ್ಟರಲ್ಲಿ ಗೇಟಿನ ಬಳಿ ಹಾರ್ನ್ ಕೇಳಿಸಿತು. ಆ ದಿನ ಹೂ ಅರ್ಧ ಮಾತ್ರ ಕಟ್ಟಿಯಾಗಿತ್ತು.

*

ರಿಯೋನಾ ಎಂ.ಕಾಂ. ಕೊನೆಯ ವರ್ಷದಲ್ಲಿದ್ದಳು. ಬಂಟ್ವಾಳದ ಕಡೆಯಿಂದ ಅವಳಿಗೊಂದು ಸಂಬಂಧ ಬಂತು. ಹುಡುಗನಿಗೆ ಮಂಗಳೂರಿನಲ್ಲಿ ಕೆಲಸ, ಒಳ್ಳೆ ಮನೆ. ಪ್ರೆಸಿಲ್ಲಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಮೇಲೆ ಒಂದು ರಾತ್ರಿ ಊಟದ ಹೊತ್ತಿಗೆ, ನತಾಲಿಯಾ ಪಾತ್ರೆ ತೊಳೆಯಲು ಹಿಂದಕ್ಕೆ ಹೋಗಿದ್ದಾಗ, ಮಾತು ತೆಗೆದಳು.

"ಮಾಂಯ್, ದಲ್ಲಾಳಿ ಕೇಳಿದ. ಹುಡುಗಿಯ ಆಂಟಿ ಕಾನ್ವೆಂಟ್ ಬಿಟ್ಟು ಬಂದಿದ್ದಾರಂತೆ, ಹೌದಾ ಅಂತ."

"ನೀನು ಎಂತ ಹೇಳಿದೆ?"

"ರಜೆ ಅಂದೆ. ನಿಮ್ಮ ಮಾತೇ. ಆದರೆ ರಜೆ ಎಷ್ಟು ತಿಂಗಳು ಇರ್ತದೆ, ಮಾಂಯ್? ಹೆಣ್ಣು ನೋಡಲಿಕ್ಕೆ ಬಂದವರಿಗೆ ಸಿಸ್ಟರೇ ಇಲ್ಲಿ ಚೂಡಿದಾರ ಹಾಕಿಕೊಂಡು ಚಾ ತಂದುಕೊಟ್ಟರೆ ನಾವು ಎಂತ ಹೇಳುವುದು?"

"ಆಂಟಿ ಅಂತ ಹೇಳುವುದು," ಎಂದಳು ರಿಯೋನಾ.

"ನೀನು ಬಾಯಿ ಮುಚ್ಚು."

"ಚಾ ಕೊಡ್ಲಿಕ್ಕೆ ಒಪ್ಪಿಗೆ ರೋಮಿನಿಂದ ತರಬೇಕಾ ಮಮ್ಮಿ?"

ವಲೇರಿಯನ್‌ಗೆ ನಗು ಬಂತು. ಹೆಂಡತಿಯ ಮುಖ ನೋಡಿ ಅದನ್ನು ಅನ್ನದ ಜೊತೆಗೇ ನುಂಗಿದ. "ಇದು ಅವಳ ಮನೆಯೂ ಹೌದು, ಪ್ರೆಸಿ. ಅವಳು ಎಲ್ಲಿಗೆ ಹೋಗಬೇಕು?"

"ಹೋಗಿ ಅಂತ ನಾನು ಹೇಳಿದೆನಾ? ನಿಶ್ಚಿತಾರ್ಥ ಆಗುವವರೆಗೆ ಫರಂಗಿಪೇಟೆಯ ಮಾಮನ ಮನೆಯಲ್ಲಿ ಇರಲಿ ಅಂದದ್ದು. ನನಗಿರುವುದು ಒಬ್ಬಳೇ ಮಗಳು."

ಎಲ್ಲರೂ ಅಪ್ಪಿಬಾಯಿಯ ಕಡೆ ನೋಡಿದರು. ಇಲ್ಲ, ಅವಳು ಇಲ್ಲೇ ಇರುತ್ತಾಳೆ, ಎನ್ನಲು ನಾಲ್ಕು ಮಾತು ಸಾಕಿತ್ತು. ಅವರು ಸಾರಿನ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ನೋಡುವ," ಎಂದರು.

ಹಿಂದಿನ ಬಾಗಿಲಲ್ಲಿ ನತಾಲಿಯಾ ತೊಳೆದ ಪಾತ್ರೆಗಳನ್ನು ಎದೆಗವಚಿಕೊಂಡು ನಿಂತಿದ್ದಳು.

ಆ ವಾರವೇ ವಲೇರಿಯನ್‌ನ ವ್ಯಾನು ತಿರುವಿನಲ್ಲಿ ಜಾರಿ ಚರಂಡಿಗೆ ಇಳಿಯಿತು. ಸಂಜೆ ಮಕ್ಕಳನ್ನೆಲ್ಲ ಬಿಟ್ಟು ಬರುತ್ತಿದ್ದದ್ದು ಪುಣ್ಯ. ಅವನಿಗೆ ಎಡಗೈ ಉಳುಕಿತು, ಹಣೆಗೆ ಎರಡು ಹೊಲಿಗೆ. ಪಟ್ಟಿ ಕಟ್ಟಿಸಿಕೊಂಡು ಅವನು ರಿಕ್ಷಾದಿಂದ ಇಳಿದದ್ದನ್ನು ಕಂಡದ್ದೇ ಅಪ್ಪಿಬಾಯಿಗೆ ಮಂಗಳೂರಿನ ಆ ವರಾಂಡ, ಆ ಮೇಲಾದ ಕಣ್ಣು ಎಲ್ಲ ಒಮ್ಮೆಲೇ ಎದುರಿಗೆ ಬಂತು. ಬಿಸಿನೀರು ತರುತ್ತಿದ್ದ ಮಗಳ ಮೇಲೆ ಹರಿಹಾಯ್ದರು.

"ನೋಡಿದೆಯಾ? ಈಗ ಸಮಾಧಾನ ಆಯ್ತಾ? ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡರೆ ದೇವರು ಬಿಡ್ತಾನಾ? ನಿನ್ನನ್ನು ಕೊಟ್ಟು ಇವನನ್ನು ಉಳಿಸಿಕೊಂಡದ್ದು ನಾನು!"

"ಮಾಂಯ್, ಟಯರ್ ಸವೆದಿತ್ತು," ಎಂದ ವಲೇರಿಯನ್. "ಮೂರು ತಿಂಗಳಿಂದ ಹೊಸದು ಹಾಕ್ತೇನೆ ಹಾಕ್ತೇನೆ ಅಂತ ಹಾಕಲಿಲ್ಲ. ಅದಕ್ಕೂ ಇವಳಿಗೂ ಎಂತ ಸಂಬಂಧ? ನಾನು ಬದುಕಿದ್ದಕ್ಕೆ ಇವಳು ಜೀವಮಾನ ಇಡೀ ಬಾಡಿಗೆ ಕಟ್ಟಬೇಕಾ?"

"ನಿನಗೆ ಗೊತ್ತಿಲ್ಲ. ನೀನು ಆಗ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ."

"ಇವಳೂ ಇರಲಿಲ್ಲ, ಮಾಂಯ್. ಇವಳಿಗೆ ಆಗ ಹಲ್ಲೂ ಬಂದಿರಲಿಲ್ಲ."

ನತಾಲಿಯಾ ಅಣ್ಣನ ಹಣೆಯ ರಕ್ತದ ಕಲೆಯನ್ನು ಬಿಸಿಬಟ್ಟೆಯಿಂದ ಒರೆಸಿದಳು. ಒರೆಸುವ ಮೊದಲು ತನಗೇ ತಿಳಿಯದ ಹಾಗೆ ಶಿಲುಬೆಯ ಗುರುತು ಹಾಕಿಕೊಂಡದ್ದನ್ನು ಅಪ್ಪಿಬಾಯಿ ನೋಡಿದರು. ಸೆರಗು ಸಿಕ್ಕಿಸಿಕೊಂಡಷ್ಟು ಸಹಜವಾಗಿತ್ತು ಅದು. ಆ ರಾತ್ರಿಯೂ ತೆರ್ಸ್ ಆಯಿತು. ಆ ರಾತ್ರಿಯೂ ಅವಳು ಬಂದು ಬಗ್ಗಿದಳು. ಅಪ್ಪಿಬಾಯಿ ಮಗನ ಗಾಯ ನೋಡುವ ನೆಪದಲ್ಲಿ ಎದ್ದರು.

ನಾಳೆ ಕೊಡುವ, ಎಂದು ಪ್ರತಿ ರಾತ್ರಿ ಮಲಗುವಾಗ ಅವರಿಗೆ ಅನಿಸುತ್ತಿತ್ತು. ಸ್ವಲ್ಪ ಬುದ್ಧಿ ಬರಲಿ, ಆಮೇಲೆ ಕೊಡುವ. ಬೆಸಾಂವ್ ಎಲ್ಲಿಗೆ ಓಡಿಹೋಗುತ್ತದೆ?

*

ಸೆಪ್ಟೆಂಬರ್ ಎಂಟು, ಮೊಂತಿ ಫೆಸ್ತ್. ಮಾತೆ ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ಕೊಂಡುಹೋಗಿ ಇಗರ್ಜಿಯಲ್ಲಿ ಎರಚಿದ್ದರು. ನತಾಲಿಯಾ ದಿನವೂ ಮಾರುವ ಮೊಗ್ಗಿನಲ್ಲೇ ಒಂದು ಹಿಡಿ ತೆಗೆದಿಟ್ಟು ನೆರೆಯ ಮಕ್ಕಳ ಬುಟ್ಟಿಗೆ ಹಾಕುತ್ತಿದ್ದಳು.

ಪೂಜೆಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯನ್ನು ವಲೇರಿಯನ್ ಮನೆಗೆ ತಂದು ಪೀಠದ ಮೇಲಿಟ್ಟ. ಅಡುಗೆಮನೆಯಲ್ಲಿ ಮೀನಿಲ್ಲ, ಮಾಂಸವಿಲ್ಲ. ಹೀರೆಕಾಯಿ, ಬೆಂಡೆ, ಕೆಸುವಿನ ದಂಟು, ಅಲಸಂಡೆ, ಹರಿವೆ, ಎಲ್ಲ ಬೆಸ ಸಂಖ್ಯೆಯಲ್ಲಿ ಆಗಬೇಕು. ನತಾಲಿಯಾ ತೆಂಗಿನಕಾಯಿ ತುರಿದಳು, ಪ್ರೆಸಿಲ್ಲಾ ಪಾಯಸ ಕಾಯಿಸಿದಳು. ಹಬ್ಬದ ದಿನವಾದ್ದರಿಂದ ಇಬ್ಬರೂ ಒಂದಿಷ್ಟು ಮಾತಾಡಿದರು ಕೂಡ. ಐದು ಬಾಳೆಲೆ ಹಾಕಿದ್ದಾಯಿತು.

ಊಟಕ್ಕೆ ಮೊದಲು ಮನೆಯ ಹಿರಿಯರು ತೆನೆಯ ಕಾಳು ಸುಲಿದು, ಅರೆದು ತೆಂಗಿನ ಹಾಲಿನಲ್ಲಿ ಕಲಸಿ, ಒಬ್ಬೊಬ್ಬರ ಕೈಗೆ ಒಂದೊಂದು ಚಮಚ ಹಾಕಬೇಕು. ಒಂದೇ ಮನೆಯವರು ಎಂಬುದಕ್ಕೆ ಅದೇ ಸಾಕ್ಷಿ. ಮನೆಯಿಂದ ದೂರ ಇರುವವರ ಪಾಲನ್ನು ಮಾತ್ರ ಅರೆಯುವುದಿಲ್ಲ. ಕೆಲವು ಕಾಳನ್ನು ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳುಹಿಸುತ್ತಾರೆ.

ಅಪ್ಪಿಬಾಯಿ ಪೀಠದ ಹಿಂದಿನಿಂದ ಒಂದು ಲಕೋಟೆ ತೆಗೆದರು. ಸಿಸ್ಟರ್ ನತಾಲಿಯಾ, ಕಾನ್ವೆಂಟ್, ಊರು, ಪಿನ್‌ಕೋಡು, ಪ್ರತಿ ವರ್ಷದಂತೆ ಅವರದ್ದೇ ಗುಂಡು ಅಕ್ಷರದಲ್ಲಿ ಬರೆದದ್ದು. ಅಂಚೆಯಣ್ಣನ ಹೆಂಡತಿ ಅವರ ಪಕ್ಕದ ಬೆಂಚಿನವಳು. ಈ ವರ್ಷ ಲಕೋಟೆ ಹೋಗದಿದ್ದರೆ ಊರಿಗೆ ಗೊತ್ತಾಗಿಬಿಡುತ್ತದೆ, ಹೋದರೆ ರಜೆ ಮುಗಿಸಿ ಅವಳು ಅಲ್ಲಿಗೇ ಮರಳುತ್ತಾಳೆ ಎಂಬ ಮಾತು ಉಳಿಯುತ್ತದೆ. ರಾತ್ರಿಯೆಲ್ಲ ಯೋಚಿಸಿ ಹೂಡಿದ ಉಪಾಯ ಅದು. ಕಾಳು ಹಾಕಿ, ನಾಲಿಗೆಯಿಂದ ಅಂಟು ಒದ್ದೆ ಮಾಡಿ, ಮುಚ್ಚಿದರು. ಆಮೇಲೆ ಉಳಿದದ್ದನ್ನು ಅರೆದು ಹಾಲಿನಲ್ಲಿ ಕಲಸಿ ಹಂಚಿದರು. ವಲೇರಿಯನ್‌ಗೆ, ಪ್ರೆಸಿಲ್ಲಾಳಿಗೆ, ರಿಯೋನಾಳಿಗೆ. ನತಾಲಿಯಾ ಅಂಗೈ ಚಾಚಿದ್ದಳು.

ಚಮಚ ಅಲ್ಲೇ ನಿಂತಿತು. "ನಿನ್ನ ಪಾಲು ಅದರಲ್ಲಿ ಹಾಕಿಯಾಯ್ತು," ಎಂದರು ಅಪ್ಪಿಬಾಯಿ. "ಒಬ್ಬರಿಗೆ ಎರಡು ಪಾಲು ಇಲ್ಲ."

ರಿಯೋನಾ, "ವೊಡ್ಲಿಮಾಂಯ್!" ಎಂದು ಅಜ್ಜಿಯನ್ನು ಕೂಗಿ ಎದ್ದು ನಿಂತಳು. ಪ್ರೆಸಿಲ್ಲಾ ಕೂಡ, "ಇವತ್ತೊಂದು ದಿನ ಮಾಂಯ್..." ಎಂದು ಅರ್ಧಕ್ಕೆ ನಿಲ್ಲಿಸಿದಳು.

ನತಾಲಿಯಾ ಚಾಚಿದ ಕೈಯನ್ನು ಹಿಂದಕ್ಕೆಳೆದು ಸೀರೆಗೆ ಒರೆಸಿಕೊಂಡಳು. ಹಬ್ಬಕ್ಕೆಂದು ಪ್ರೆಸಿಲ್ಲಾಳೇ ಕೊಟ್ಟಿದ್ದ ಸೀರೆ ಅದು. "ಇರಲಿ. ಅನ್ನ ಆರ್ತದೆ, ಎಲ್ಲರೂ ಕೂತ್ಕೊಳ್ಳಿ," ಎಂದಳು. ಎಲ್ಲರಿಗೂ ಬಡಿಸಿ, ತಾನೂ ಕುಳಿತು ಉಂಡಳು. ಊಟವಾದ ಮೇಲೆ ಲಕೋಟೆಯನ್ನು ಕೈಗೆತ್ತಿಕೊಂಡಳು. "ನಾಳೆ ನಾನೇ ಪೋಸ್ಟಿಗೆ ಹಾಕಿ ಬರ್ತೇನೆ, ಮಾಂಯ್. ಮೂಡುಬಿದಿರೆಗೆ ಹೋಗಲಿಕ್ಕೆ ಉಂಟು."

ಆ ಸಂಜೆ ತೆರ್ಸ್ ಮುಗಿದಾಗ ಅವಳು ಬೆಸಾಂವ್ ಕೇಳಲು ಬರಲಿಲ್ಲ. ಜಪಮಾಲೆ ಮಡಚಿಟ್ಟು ಅಡುಗೆಮನೆಗೆ ನಡೆದಳು. ಇವತ್ತು ಯಾವ ನೆಪ ಹೂಡುವುದೆಂದು ಯೋಚಿಸಿಟ್ಟಿದ್ದ ಅಪ್ಪಿಬಾಯಿಗೆ ಆ ನೆಪ ಬೇಕಾಗಲೇ ಇಲ್ಲ.

ವಾರ ಕಳೆಯುವುದರೊಳಗೆ ನತಾಲಿಯಾ ಹೊರಟಳು. ಬೆಳ್ತಂಗಡಿಯ ಆಚೆ ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ, ಅಲ್ಲೇ ಊಟ, ಅಲ್ಲೇ ವಾಸ. "ಇನ್ನು ಹೆಣ್ಣು ನೋಡುವವರು ಬರಲಿ, ವೊನ್ನಿ," ಎಂದಳು ಪ್ರೆಸಿಲ್ಲಾಳಿಗೆ. ಕೊಂಕಿರಲಿಲ್ಲ ಅದರಲ್ಲಿ. ಕೊಂಕಿದ್ದಿದ್ದರೆ ಪ್ರೆಸಿಲ್ಲಾಳಿಗೆ ಸುಲಭವಾಗುತ್ತಿತ್ತು. ವಲೇರಿಯನ್ ಪಟ್ಟಿ ಕಟ್ಟಿದ ಕೈಯಲ್ಲೇ ತಂಗಿಯ ಚೀಲ ಹಿಡಿದು ಬಸ್ಸಿನವರೆಗೆ ಹೋದ. ಅಪ್ಪಿಬಾಯಿ ಮಲ್ಲಿಗೆ ಗಿಡದ ಬುಡ ಕೆದಕುತ್ತಾ ಇದ್ದರು. ಬಸ್ಸಿನ ಸದ್ದು ದೂರವಾದ ಮೇಲೆ ನೋಡಿದರೆ ಒಂದು ಒಳ್ಳೆ ಬೇರಿಗೇ ಏಟು ಹಾಕಿದ್ದರು.

*

ಬಂಟ್ವಾಳದವರು ಬರಲೇ ಇಲ್ಲ. ಹುಡುಗನಿಗೆ ಇಸ್ರೇಲಿನ ವೀಸಾ ಆಯಿತು, ಮದುವೆ ಈಗ ಬೇಡವಂತೆ ಎಂದು ದಲ್ಲಾಳಿ ಫೋನಿನಲ್ಲೇ ಮುಗಿಸಿದ. "ಆಂಟಿ ವಿಷಯ ಏನಾದರೂ ಕೇಳಿದರಾ?" ಎಂದು ಪ್ರೆಸಿಲ್ಲಾ ಎರಡು ಸಲ ಕೇಳಿದಳು. "ಯಾವ ಆಂಟಿ?" ಎಂದ ಅವನು. ಅವನಿಗೆ ಅದು ಮರೆತೇ ಹೋಗಿತ್ತು. ಆ ದಿನ ಪ್ರೆಸಿಲ್ಲಾ ಒಬ್ಬಳೇ ಕುಳಿತು ಹೂ ಕಟ್ಟಿದಳು. ಹಾರ್ನ್ ಆದರೂ ಏಳಲಿಲ್ಲ.

ಅಕ್ಟೋಬರ್ ಕೊನೆಗೆ ಅಂಚೆಯಣ್ಣ ಒಂದು ಲಕೋಟೆ ತಂದುಕೊಟ್ಟ. ಮೂಲೆ ಸವೆದು, ಮೇಲೆ ಎರಡು ಮೂರು ಮುದ್ರೆ ಬಿದ್ದು, ಕೆಂಪು ಶಾಯಿಯಲ್ಲಿ ಗೀಟು ಹಾಕಿತ್ತು. "ನಿಮ್ಮದೇ, ಅಪ್ಪಿಬಾಯಿ. ಆ ವಿಳಾಸದಲ್ಲಿ ಅವರಿಲ್ಲವಂತೆ," ಎಂದ. ಅವನ ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ. ಊರಿಗೆಲ್ಲ ಎಂದೋ ಗೊತ್ತಿತ್ತು. ಗೊತ್ತಿದ್ದೂ ಯಾರೂ ಅಪ್ಪಿಬಾಯಿಯನ್ನು ಮುಂದಿನ ಬೆಂಚಿನಿಂದ ಎಬ್ಬಿಸಿರಲಿಲ್ಲ.

ಅವರು ಲಕೋಟೆಯನ್ನು ಅಲ್ಲಾಡಿಸಿದರು. ಒಳಗೆ ಕಾಳು ಸದ್ದು ಮಾಡಿತು. ಅಷ್ಟು ದೂರ ಹೋಗಿ, ಯಾರ ಕೈಗೂ ಬೀಳದೆ, ತಿರುಗಿ ಬಂದಿತ್ತು. ಮನೆಯ ಹೊಸ ತೆನೆ ತಿನ್ನದ ಒಬ್ಬಳೇ ಒಬ್ಬಳು ಈ ವರ್ಷ ಹಬ್ಬದ ದಿನ ಆ ಮನೆಯಲ್ಲಿಯೇ ಕುಳಿತಿದ್ದಳು.

ಮರುದಿನ ಅಪ್ಪಿಬಾಯಿ ಯಾರನ್ನೂ ಕರೆಯದೆ ಬಸ್ಸು ಹತ್ತಿದರು. ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ. ಅಲ್ಲಿಂದ ರಿಕ್ಷಾ. ಉದ್ದದ ಹಂಚಿನ ಮನೆ, ಫಿನಾಯಿಲಿನ ವಾಸನೆ, ಸಾಲಾಗಿ ಮಂಚ. ನತಾಲಿಯಾ ಬೆನ್ನು ಮಾಡಿ ನಿಂತಿದ್ದಳು. ತನಗಿಂತ ಎರಡು ಪಾಲು ದಪ್ಪದ ಮುದುಕನೊಬ್ಬನನ್ನು ಮಗ್ಗುಲು ಬದಲಿಸಬೇಕಿತ್ತು. ಶಿಲುಬೆಯ ಗುರುತು ಹಾಕಿಕೊಂಡಳು, ಅದೇ ಸೆರಗು ಸಿಕ್ಕಿಸಿಕೊಂಡಷ್ಟು ಸಹಜವಾಗಿ. ಆಮೇಲೆ ಅವನ ಹೆಗಲಿನ ಕೆಳಗೆ ಕೈ ಹಾಕಿ, "ಬನ್ನಿ ಅಜ್ಜ, ಇವತ್ತು ಆ ಕಡೆಯ ಗೋಡೆ ನೋಡುವ," ಎನ್ನುತ್ತಾ ತಿರುಗಿಸಿದಳು. ಮುದುಕ ತುಳುವಿನಲ್ಲಿ ಬೈದ. ಅವಳೂ ತುಳುವಿನಲ್ಲೇ ನಗುತ್ತಾ ಉತ್ತರ ಕೊಟ್ಟಳು.

ತಿರುಗಿದಾಗ ತಾಯಿ ಕಂಡರು.

"ಮಾಂಯ್! ಒಬ್ಬರೇ ಬಂದಿರಾ? ಅಣ್ಣನ ಕೈ ಹೇಗುಂಟು?"

"ಉಂಟು. ಗುಣ ಆಯ್ತು." ಅಪ್ಪಿಬಾಯಿ ಲಕೋಟೆ ಚಾಚಿದರು. ಬೇರೇನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಚದುರಿಹೋಯಿತು.

ನತಾಲಿಯಾ ಮುದ್ರೆಗಳನ್ನು ನೋಡಿದಳು, ಕೆಂಪು ಗೀಟನ್ನು ನೋಡಿದಳು. "ಕಾನ್ವೆಂಟಿಗೆ ಹೋಗಿ ವಾಪಸ್ ಬಂತಾ?" ಎಂದು ನಕ್ಕುಬಿಟ್ಟಳು. "ನನ್ನ ಹಾಗೆಯೇ."

ಅಪ್ಪಿಬಾಯಿಗೆ ನಗಲಾಗಲಿಲ್ಲ. ಅವಳು ಲಕೋಟೆ ಹರಿದು ಕಾಳನ್ನು ಅಂಗೈಗೆ ಸುರಿದು, ಉಗುರಿನಿಂದ ಸಿಪ್ಪೆ ಸುಲಿದು ಒಂದನ್ನು ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ಸುಲಿಯುತ್ತಾ, ಅಗಿಯಬಲ್ಲವರ ಬಾಯಿಗೆ ಒಂದೊಂದು ಹಾಕುತ್ತಾ ಹೋದಳು. ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ ತುಂಗಮ್ಮ ಎಂಬಾಕೆ ಕೇಳಿದರು. "ಯಾರು ಇವರು?"

"ನನ್ನ ಅಮ್ಮ."

"ಹೌದಾ? ಒಳ್ಳೆ ಮಗಳನ್ನು ಕೊಟ್ಟಿದ್ದೀರಿ ನೀವು ನಮಗೆ."

ಜೀವಮಾನವೆಲ್ಲ ಈ ಮಾತಿಗೆ ತಲೆ ತಗ್ಗಿಸಿ ಸುಖಪಟ್ಟವರು ಅಪ್ಪಿಬಾಯಿ. ಈಗ ತಲೆ ತಗ್ಗಿತು, ಸುಖ ಬರಲಿಲ್ಲ. "ನಾನು ಕೊಟ್ಟದ್ದಲ್ಲ, ಅಮ್ಮ," ಎಂದರು. "ಅವಳೇ ಬಂದದ್ದು."

ನತಾಲಿಯಾ ಸುಲಿಯುತ್ತಿದ್ದ ಕಾಳನ್ನು ಬಿಟ್ಟು ತಾಯಿಯ ಮುಖ ನೋಡಿದಳು.

ಗಂಜಿ, ಉಪ್ಪಿನಕಾಯಿ ಕೊಟ್ಟಳು. ಅಪ್ಪಿಬಾಯಿ ಸ್ಟೀಲಿನ ತಟ್ಟೆಯಲ್ಲಿ ಉಂಡರು. ಗೇಟಿನ ಬಳಿ ನಿಂತು, "ಮನೆಗೆ ಬಾ," ಎಂದರು.

"ಬರ್ತೇನೆ, ಮಾಂಯ್. ಬರುವ ಮೊಂತಿ ಫೆಸ್ತಿಗೆ ಖಂಡಿತ ಬರ್ತೇನೆ. ನನ್ನ ಪಾಲು ಅರೆದೇ ಇಡಿ."

"ಹಾಗೆ ಬರುವುದಲ್ಲ. ಇರ್ಲಿಕ್ಕೆ ಬಾ."

"ಇಲ್ಲಿ ಕೈ ಕಡಿಮೆ ಉಂಟು," ಎಂದಳು ನತಾಲಿಯಾ. ಮೆತ್ತಗೆ ಹೇಳಿದರೂ ಆ ಮಾತು ಅಲ್ಲಾಡುವಂತಿರಲಿಲ್ಲ. "ಈಗ ನನ್ನ ಮನೆ ಇದು, ಮಾಂಯ್."

ಅವಳು ಕೈಮುಗಿಯಲಿಲ್ಲ, ಬಗ್ಗಲಿಲ್ಲ. ಕೇಳುವ ಅಭ್ಯಾಸವನ್ನು ಅವಳಿಂದ ಬಿಡಿಸಿದವರು ತಾವೇ ಎಂದು ಅಪ್ಪಿಬಾಯಿಗೆ ಗೊತ್ತಿತ್ತು. ಬಲಗೈ ಎದ್ದಿತು. ಎದ್ದದ್ದು ಕೊಡೆಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿ ಇಳಿಯಿತು. "ಹತ್ತಿ ಮಾಂಯ್, ಇದು ಹೋದರೆ ವೇಣೂರಿಗೆ ಬಸ್ಸು ಸಿಗುವುದಿಲ್ಲ," ಎಂದು ಮಗಳು ರಿಕ್ಷಾದಲ್ಲಿ ಕೂರಿಸಿದಳು.

ಆ ಸಂಜೆಯ ತೆರ್ಸಿನಲ್ಲಿ ಅಪ್ಪಿಬಾಯಿಯ ಜಪಮಾಲೆ ಮಣಿ ತಪ್ಪಿತು. ರಿಯೋನಾಳ ತಲೆಯ ಮೇಲೆ ಕೈ ಇಟ್ಟವರು ಹಾಗೆಯೇ ನಿಂತು, "ಆಂಟಿಗೆ ಫೋನು ಮಾಡು, ಮಗಾ," ಎಂದರು.

ಫೋನು ಬಹಳ ಹೊತ್ತು ರಿಂಗಾಯಿತು. "ಹಲೋ, ಮುಟ್ಟಿದಿರಾ ಮಾಂಯ್?"

"ಮುಟ್ಟಿದೆ." ಅಪ್ಪಿಬಾಯಿ ಫೋನನ್ನು ಕಿವಿಗೆ ಒತ್ತಿಕೊಂಡರು. "ನತ್ತು, ಕೇಳು ಮಗಾ."

"ಎಂತ ಕೇಳುವುದು, ಮಾಂಯ್?"

"ಬೆಸಾಂವ್ ಕೇಳು. ಒಮ್ಮೆ ಕೇಳು ಮಾರಾಯ್ತಿ. ನೀನು ಕೇಳದೆ ನಾನು ಹೇಗೆ ಕೊಡುವುದು?"

ಆಚೆಯಿಂದ ಪಾತ್ರೆಯ ಸದ್ದು, ಯಾರದೋ ಕೆಮ್ಮು ಕೇಳಿಸಿತು. ವಲೇರಿಯನ್ ನೆಲ ನೋಡುತ್ತಾ ನಿಂತಿದ್ದ. ಕೊನೆಗೆ ಬಹಳ ದೂರದಿಂದ, ಪಿಯುಸಿ ಮುಗಿಸಿದ ಹುಡುಗಿಯ ದನಿಯಂತೆ ಬಂತು.

"ಬೆಸಾಂವ್ ದಿಯಾ, ಮಾಂಯ್."

ಬಲಗೈಯಲ್ಲಿ ಫೋನಿತ್ತು. ಅಪ್ಪಿಬಾಯಿ ಗಲಿಬಿಲಿಯಾದರು. ಪ್ರೆಸಿಲ್ಲಾ ಮುಂದೆ ಬಂದು ಫೋನನ್ನು ತೆಗೆದು ಅತ್ತೆಯ ಕಿವಿಗೆ ಹಿಡಿದಳು. ಅಪ್ಪಿಬಾಯಿ ಬಲಗೈ ಎತ್ತಿ, "ದೇವ್ ಬರೆಂ ಕರುಂ," ಎಂದರು. ಸಾಲದೆಂಬಂತೆ ಇನ್ನೊಮ್ಮೆ ಎಂದರು, ಮತ್ತೂ ಒಮ್ಮೆ ಎಂದರು.

"ಸಾಕು ಮಾಂಯ್, ಸಾಕು," ಎಂದಳು ನತಾಲಿಯಾ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ. "ತುಂಗಮ್ಮ ಕರೀತಾರೆ, ಇಡ್ತೇನೆ."

ಫೋನು ಕಡಿಯಿತು. ಪ್ರೆಸಿಲ್ಲಾ ಅನ್ನ ಬಡಿಸಲು ಹೋದಳು. ಅಪ್ಪಿಬಾಯಿ ಪೀಠದ ಮುಂದೆಯೇ ನಿಂತಿದ್ದರು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಅದರ ಕೆಳಗೆ, ಅಷ್ಟೊಂದು ಸಂಜೆ ಬಂದು ಬಗ್ಗಿ ಕಾದಿದ್ದ ಆ ತಲೆ ಮಾತ್ರ ಇರಲಿಲ್ಲ.